ಬೋಣಿ ಆಗೇತೇನ್ರಿ?

ಇವತ್ತು ಮುಂಜಾನೆ ನಮ್ಮ ಓಣಿಗೆ ಕಾಯಿಪಲ್ಲೆ ಗಾಡಿ ತರುವ ಹೆಣ್ಣುಮಗಳ ಹತ್ತಿರ ಒಂದು ಸಿವುಡು ಮೆಂತ್ಯಪಲ್ಲೆ ಕೊಂಡೆ. ನಾನು ಕೊಟ್ಟ ನೋಟನ್ನು ಆಕೆ ಎರಡೂ ಕಣ್ಣಿಗೆ ಒತ್ತಿಕೊಂಡಳು, ತಕ್ಕಡಿಗೆ ಮುಟ್ಟಿಸಿದಳು, ಬದನೆಕಾಯಿ ರಾಶಿಗೂ ಒಮ್ಮೆ ತೋರಿಸಿ ಚೀಲಕ್ಕೆ ಹಾಕಿಕೊಂಡಳು. "ಬೋಣಿ ರೀ ಮಾಸ್ತರ. ನಿಮ್ಮ ಕೈಲೆ ಆಗೇತಿ, ಇವತ್ತ ಗಾಡಿ ಖಾಲಿ ಮಾಡೇ ಮನಿಗಿ ಹೋಗ್ತೀನಿ ನೋಡ್ರಿ" ಎಂದಳು. ನಾನು ಎದೆ ಉಬ್ಬಿಸಿಕೊಂಡು ಒಳಗೆ ಬಂದೆ. ನನ್ನ ಹೆಂಡತಿ ಸಿವುಡು ಬಿಚ್ಚಿ ನೋಡಿ, "ಅರ್ಧ ಬಾಡೇತಿ. ಬೋಣಿ ಅಂತ ಹೇಳಿ ನಿನ್ನೀದು ನಿಮ್ಮ ಕೊಳ್ಳಿಗಿ ಕಟ್ಟ್ಯಾಳ" ಎಂದಳು. ಸಾಲಿಯಲ್ಲಿ ಜೀವಮಾನವಿಡೀ ಡ್ರಾಯಿಂಗ್ ಕಲಿಸಿದವನು ನಾನು. ಹಸಿರಿನಲ್ಲಿ ಎಷ್ಟು ಛಾಯೆಗಳಿವೆ ಎಂದು ಕೇಳಿ, ಹೇಳುತ್ತೇನೆ. ಮೆಂತ್ಯ ಯಾವ ಛಾಯೆಗೆ ಇಳಿದಾಗ ಬಾಡಿತು ಎನ್ನಬೇಕೆಂಬುದು ಮಾತ್ರ ಇವತ್ತಿಗೂ ತಿಳಿದಿಲ್ಲ.

ಬೋಣಿ ಅಂದರೆ ದಿನದ ಮೊದಲ ವ್ಯಾಪಾರ, ಅದು ನಿಮಗೂ ಗೊತ್ತು. ಆದರೆ ನಮ್ಮ ವಿಜಯಪುರದ ಕಡೆ ಅದು ಬರೀ ವ್ಯಾಪಾರವಲ್ಲ, ಅರ್ಧ ಪೂಜೆ. ಮಧ್ಯಾಹ್ನ ಹೋದರೆ "ತಗೊಂಡ್ರ ತಗೋರಿ, ಬಿಟ್ರ ಬಿಡ್ರಿ" ಎನ್ನುವ ಅಂಗಡಿಕಾರ, ಮುಂಜಾನೆ ಮೊದಲ ಗಿರಾಕಿಯನ್ನು ಬೀಗರನ್ನು ಕರೆದಂತೆ ಒಳಗೆ ಕರೆಯುತ್ತಾನೆ. ಆ ಹೊತ್ತಿನಲ್ಲಿ ಬೆಲೆ ಕೇಳಿ ಏನೂ ಕೊಳ್ಳದೆ ತಿರುಗಿದಿರೋ, ಬೆನ್ನ ಮೇಲೆ ಬೀಳುವ ನೋಟವನ್ನು ತಡೆಯಲಾಗುವುದಿಲ್ಲ. ನಾನು ಒಮ್ಮೆ ಸುಮ್ಮನೆ ಒಂದು ಛತ್ರಿಯ ಬೆಲೆ ಕೇಳಿದ್ದೆ. ಅಂಗಡಿಯವನು "ಬೋಣಿ ಹೊತ್ತಿನ್ಯಾಗ ಹಂಗ ಹೋಗಬ್ಯಾಡ್ರಿ" ಎಂದು ಅಂಗಲಾಚಿದ. ಸುಡು ಬೇಸಿಗೆಯಲ್ಲಿ, ಅದೂ ವಿಜಯಪುರದಲ್ಲಿ, ಹೊಸ ಛತ್ರಿ ಹಿಡಿದುಕೊಂಡು ಮನೆಗೆ ಬಂದ ನನ್ನನ್ನು ಓಣಿಯ ಮಂದಿ ನಿಂತು ನೋಡಿದರು. ಆ ಛತ್ರಿ ಇನ್ನೂ ಹೊಸದಾಗಿಯೇ ಇದೆ.

ನನ್ನ ತಾಯಿಯ ತವರುಮನೆ ನಿಡೋಣಿ. ಅಲ್ಲಿ ನನ್ನ ಸೋದರಮಾವನದು ಒಂದು ಗೂಡಂಗಡಿ ಇತ್ತು. ಬೀಡಿ, ಕಡ್ಡಿಪೆಟ್ಟಿಗೆ, ಬೆಲ್ಲ, ಶೇಂಗಾ, ಗಾಜಿನ ಭರಣಿಯಲ್ಲಿ ಪೇಪರಮೆಂಟು. ಸಾಲಿಯ ಸೂಟಿಯಲ್ಲಿ ಹೋದಾಗ ನಾನು ಅಂಗಡಿಯ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಮಾಮ ಮುಂಜಾನೆ ಎದ್ದು ಅಂಗಡಿಯ ಮುಂದೆ ನೀರು ಚಿಮುಕಿಸಿ, ಊದಿನಕಡ್ಡಿ ಹಚ್ಚಿ, ಬೀದಿಯ ಕಡೆ ಕಣ್ಣು ನೆಟ್ಟು ನಿಲ್ಲುತ್ತಿದ್ದ. ಊರಲ್ಲಿ ಒಬ್ಬ ಚೌಕಾಸಿ ಮುದುಕನಿದ್ದ, ಒಂದು ಬೀಡಿ ಕೊಳ್ಳಲು ಇಡೀ ಕಟ್ಟನ್ನು ಬಿಚ್ಚಿಸುವವನು. ಅವನು ದೂರದಲ್ಲಿ ಕಂಡನೋ ಇಲ್ಲವೋ, ಮಾಮ ತನ್ನ ಕಿಸೆಯಿಂದಲೇ ಒಂದು ನಾಣ್ಯ ತೆಗೆದು ನನ್ನ ಅಂಗೈಗೆ ಇಟ್ಟು, "ಲಗೂ ಪೇಪರಮೆಂಟ್ ಕೇಳಲೇ!" ಎನ್ನುತ್ತಿದ್ದ. ನಾನು ಕೇಳುತ್ತಿದ್ದೆ. ಅವನು ಕೊಡುತ್ತಿದ್ದ. ತನ್ನದೇ ನಾಣ್ಯವನ್ನು ತಾನೇ ಕಣ್ಣಿಗೆ ಒತ್ತಿಕೊಂಡು ಡಬ್ಬಿಗೆ ಹಾಕುತ್ತಿದ್ದ. ಒಂದು ದಿನ ನಾನು ಕೇಳಿಯೇ ಬಿಟ್ಟೆ: "ಮಾಮಾ, ರೊಕ್ಕಾ ನಿಂದ, ಪೇಪರಮೆಂಟ್ ನಿಂದ, ಮತ್ತ ಬೋಣಿ ಹೆಂಗಾತು?"

"ಕೈ ನಿಂದ ಅಲ್ಲೇನಲೇ?" ಎಂದ ಮಾಮ. ಅವತ್ತಿನಿಂದ ನನಗೆ ನನ್ನ ಬಲಗೈಯ ಮೇಲೆ ಭಾರೀ ಗೌರವ ಬಂತು. ಊಟ ಮಾಡುವಾಗಲೂ ಅದನ್ನೇ ನೋಡಿಕೊಳ್ಳುತ್ತಿದ್ದೆನಂತೆ. ದವಡೆ ಹಲ್ಲು ಹುಳುಕಾದದ್ದೂ ಆ ಸೂಟಿಯಲ್ಲೇ.

ನಮ್ಮ ಮಂದಿಗೆ ಈ ಕೈಗುಣದ ಮೇಲೆ ಎಲ್ಲಿಲ್ಲದ ನಂಬಿಕೆ. ಡಾಕ್ಟರ ಓದಿಗಿಂತ ಕೈಗುಣ ದೊಡ್ಡದು. ಬಿತ್ತುವವರ ಕೈಗುಣ ನೋಡಿ ಕೂರಿಗೆ ಕೊಡುತ್ತಾರೆ. ಉಪ್ಪಿನಕಾಯಿಗೆ ಕೈ ಹಾಕುವಾಕೆ ಯಾರು ಎನ್ನುವುದರ ಮೇಲೆ ಅತ್ತೆ ಸೊಸೆಯರ ನಡುವೆ ಮಾತು ಬಿಟ್ಟ ಮನೆಗಳು ನನಗೆ ಗೊತ್ತು. ಒಳ್ಳೆಯ ಕೈ ಎಂದು ಹೆಸರಾದವರ ಬಾಳು ಹೂವಿನಂಥದು, ಎಲ್ಲರೂ ಕರೆಯುತ್ತಾರೆ. ಆದರೆ ಕೈ ಚೆನ್ನಾಗಿಲ್ಲ ಎಂದು ಒಮ್ಮೆ ಹೆಸರು ಬಿದ್ದರೆ ಆ ಮನುಷ್ಯ ಏನು ಮಾಡಬೇಕು? ಕೈಯನ್ನು ಕಳಚಿ ಮನೆಯಲ್ಲಿಟ್ಟು ಬರಲು ಆಗುತ್ತದೆಯೇ? ಇಲ್ಲಿ ನನಗೆ ನನ್ನ ಗೆಳೆಯ ಸಂಗಪ್ಪ ನೆನಪಾಗುತ್ತಾನೆ.

ಸಂಗಪ್ಪ ಬಸ್ ಕಂಡಕ್ಟರ್ ಆಗಿದ್ದವನು. ಈಗ ನಿವೃತ್ತ. ವಿಜಯಪುರದ ಇಬ್ರಾಹಿಂಪುರ ಬಡಾವಣೆಯಲ್ಲಿ ರೈಲು ಹಳಿಯ ಆಚೆ ಅವನ ಮನೆ, ಈಚೆ ನನ್ನದು. ಸರ್ವಿಸ್ಸಿನ ಬಹುಪಾಲು ಅವನು ಟಿಕೋಟಾ, ಬಬಲೇಶ್ವರದ ರೂಟಿನಲ್ಲೇ ಕಳೆದ. ಯಾವ ಸ್ಟಾಪಿನಲ್ಲಿ ಯಾರು ಇಳಿಯುತ್ತಾರೆ, ಅವರ ಮಗಳನ್ನು ಯಾವ ಊರಿಗೆ ಕೊಟ್ಟಿದ್ದಾರೆ, ಯಾವ ಹೋಟೆಲಿನ ಮಿರ್ಚಿಗೆ ಖಾರ ಜಾಸ್ತಿ, ಎಲ್ಲ ಅವನ ನಾಲಗೆಯ ತುದಿಯಲ್ಲಿತ್ತು. ಗಿಜಿಗಿಡುವ ಬಸ್ಸಿನಲ್ಲಿ ಕಾಲು ತುಳಿಸಿಕೊಂಡವರನ್ನೂ ನಗಿಸುತ್ತಿದ್ದ. ನಗಿಸುವುದೇ ಅವನಿಗೆ ಮುಳುವಾಯಿತು.

ನಡೆದದ್ದು ಇಷ್ಟು. ಗೋಳಗುಮ್ಮಟದ ಹತ್ತಿರ ಯಾರೋ ಒಬ್ಬ ಚಳಿಗಾಲದ ಬಾಯಿಗೆ ತಂಪು ಪಾನೀಯದ ಅಂಗಡಿ ತೆರೆದ. ಮೊದಲ ಸೋಡಾ ಕುಡಿದವನು ಸಂಗಪ್ಪ. ಬೇಸಿಗೆ ಬರುವ ಮುಂಚೆಯೇ ಅಂಗಡಿ ಮುಚ್ಚಿತು. ಆಮೇಲೆ ನಮ್ಮ ಇಬ್ರಾಹಿಂಪುರದಲ್ಲೇ ಒಂದು ನಾಷ್ಟಾ ಹೋಟೆಲು ಆಯಿತು. ಮೊದಲ ತಾಟು ಉಪ್ಪಿಟ್ಟು ಸಂಗಪ್ಪನದು. ಒಂದೇ ತಿಂಗಳಲ್ಲಿ ಹೋಟೆಲಿನ ಮುಂದಿನ ರಸ್ತೆಯನ್ನು ಪೈಪಿಗಾಗಿ ಅಗೆದು ಹಾಕಿದರು, ಉಪ್ಪಿಟ್ಟು ತಿನ್ನಬೇಕಾದರೆ ತಗ್ಗು ಹಾರಿ ಹೋಗಬೇಕಾಯಿತು. ಅದೂ ಮುಚ್ಚಿತು. ಮೂರನೆಯದು ಮೊಬೈಲ್ ಕವರಿನ ಅಂಗಡಿ. ಅದು ಅಣ್ಣತಮ್ಮಂದಿರ ಜಗಳದಲ್ಲಿ ಹೋಯಿತು. ಮೂರಕ್ಕೂ ಮೂರು ಬೇರೆ ಕಾರಣ, ಕುರುಡನಿಗೂ ಕಾಣುವಂಥವು. ಆದರೆ ಸಂಗಪ್ಪ ಸುಮ್ಮನಿರಬೇಕಲ್ಲ? ಸಂಜೆ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಮೂರನ್ನೂ ಪೋಣಿಸಿ ಕಥೆ ಮಾಡಿದ. "ಭೂಕಂಪಾದ್ರೂ ಗೋಳಗುಮ್ಮಟ ಬೀಳಂಗಿಲ್ಲ. ಆದ್ರ ಮುಂಜಾನೆ ಮೊದಲನೇ ಟಿಕೀಟ ನಾ ತಗಸಿದ್ನಂದ್ರ, ಅದರದೂ ಹೇಳಾಕ ಬರಂಗಿಲ್ಲ ಮತ್ತ!" ಎಂದು ಮುಗಿಸುತ್ತಿದ್ದ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಹೊಸಬರು ಯಾರಾದರೂ ಬಂದರೆ ಮತ್ತೊಮ್ಮೆ ಹೇಳಿಸುತ್ತಿದ್ದೆವು.

ಹೇಳಿ ಹೇಳಿ ಸುಳ್ಳಿಗೂ ಕಾಲು ಬಂತು. ಒಂದು ಮುಂಜಾನೆ ಸಂಗಪ್ಪ ಸಕ್ಕರೆ ತರಲು ಕಿರಾಣಿ ಅಂಗಡಿಗೆ ಹೋದರೆ, ಅಂಗಡಿಯವನು ನಗುನಗುತ್ತಲೇ, "ಕಂಡಕ್ಟರ್ ಸಾಹೇಬ್ರ, ಒಂದ ತಾಸ ಬಿಟ್ಟ ಬರ್ರಿ, ಇನ್ನಾ ಬೋಣಿ ಆಗಿಲ್ಲ" ಎಂದನಂತೆ. ಸಂಗಪ್ಪನೂ ನಗುತ್ತಲೇ ತಿರುಗಿ ಬಂದ. ಅದನ್ನು ನನಗೆ ಹೇಳುವಾಗ ಮಾತ್ರ ಕೊನೆಗೆ ಯಾವ ತಮಾಷೆಯನ್ನೂ ಸೇರಿಸಲಿಲ್ಲ. ಅವತ್ತಿನಿಂದ ಅವನು ಯಾವ ಅಂಗಡಿಗೂ ಹೊತ್ತೇರುವ ಮುಂಚೆ ಹೋಗುತ್ತಿರಲಿಲ್ಲ. ಮಾರ್ಕೆಟ್ಟಿಗೆ ಮಂದಿಯೆಲ್ಲ ಆರಿಸಿ ಬಿಟ್ಟ ಮೇಲೆ ಹೋಗುತ್ತಿದ್ದ. "ಊರ ಮಂದಿ ಎಲ್ಲಾ ಟೊಮ್ಯಾಟೊ ತಿಂತಾರ, ನಾವು ಟೊಮ್ಯಾಟೊದ ಹೆಣಾ ತಿಂತೀವಿ" ಎಂದು ಅವನ ಹೆಂಡತಿ ಕಸ್ತೂರಿ ನಮ್ಮ ಮನೆಗೆ ಬಂದು ಗೊಣಗುತ್ತಿದ್ದಳು. ಪಾಪ, ಆಕೆಗೆ ಕಾರಣ ಪೂರ್ತಿ ತಿಳಿದಿರಲಿಲ್ಲ.

ಇಂಥ ಸಂಗಪ್ಪನ ಒಬ್ಬಳೇ ಮಗಳು ಶೈಲಾ ಬಬಲೇಶ್ವರದಲ್ಲಿ ಅಂಗಡಿ ಹಾಕಿದಳು. ಆಕೆಯನ್ನು ಕೊಟ್ಟದ್ದು ಅಲ್ಲಿಗೇ. ಕುಬಸದ ಬಟ್ಟೆ, ಲೈನಿಂಗು, ಸೀರೆಯ ಫಾಲು, ದಾರ, ಹುಕ್ಕು, ಗುಂಡಿ, ಲೇಸು ಇವೆಲ್ಲ ಸಿಗುವ ಮ್ಯಾಚಿಂಗ್ ಸೆಂಟರು. ಇದ್ದ ಬಂಗಾರವನ್ನು ಒತ್ತೆ ಇಟ್ಟು, ಗಂಡನನ್ನು ಒಪ್ಪಿಸಿ, ಅತ್ತೆಯನ್ನು ಒಲಿಸಿ ಮಾಡಿದ ಅಂಗಡಿ. ಬೋರ್ಡು ಬರೆದವನು ನಾನು. ಈಗೆಲ್ಲ ಫ್ಲೆಕ್ಸಿನ ಕಾಲ, ಆದರೆ ಶೈಲಾ "ಮಾಸ್ತರ ಕಾಕಾನ ಕೈಲೆನ ಬರಸ್ತೀನಿ" ಎಂದು ಹಟ ಹಿಡಿದಳು. ಸಂಗಪ್ಪನ ಅಂಗಳದಲ್ಲಿ ತಗಡು ಹಾಸಿಕೊಂಡು ನಾನು ಬರೆಯುತ್ತಿದ್ದರೆ ಅವನು ಪಕ್ಕದಲ್ಲಿ ಕುಳಿತು, "ಶೈ ಸ್ವಲ್ಪ ಸೊಟ್ಟ ಆಗೇತಲಾ?" ಎನ್ನುತ್ತಿದ್ದ. ಸೊಟ್ಟವಾಗಿದ್ದದ್ದು ಅವನ ಕನ್ನಡಕ. ಮಗಳ ಅಂಗಡಿಯ ಬಗ್ಗೆ ಅವನಿಗೆ ಎಷ್ಟು ಹಿಗ್ಗು ಇತ್ತೋ ಅಷ್ಟೇ ಅಂಜಿಕೆಯೂ ಇತ್ತು. ಪೂಜೆಯ ದಿನ ಬೇರೆ ಯಾರದಾದರೂ ಕೈಯಿಂದ ಬೋಣಿ ಆಗಬೇಕು, ತನ್ನ ಕೈ ಮಾತ್ರ ಆ ಅಂಗಡಿಗೆ ಮೊದಲು ತಾಗಬಾರದು, ಇದೊಂದೇ ಅವನ ತಲೆಯಲ್ಲಿ ತಿರುಗುತ್ತಿತ್ತು.

ಪೂಜೆಯ ದಿನ ಕಸ್ತೂರಿ ಮೊದಲ ಬಸ್ಸಿಗೇ ಹೋದಳು. ಸಂಗಪ್ಪ ಇಸ್ತ್ರಿಯ ಬಿಳಿ ಅಂಗಿ ತೊಟ್ಟು ನಮ್ಮ ಮನೆಗೆ ಬಂದ.

"ಮಾಸ್ತರಾ, ಗಾಡಿ ತಗಿ. ಬಬಲೇಶ್ವರಕ್ಕ ಹೋಗೂಣು."

"ಪೂಜೆ ಎಷ್ಟೊತ್ತಿಗೈತಿ?"

"ಈಗ ಆಗಾಕತ್ತಿರಬೇಕು."

"ಮತ್ತ ಇನ್ನಾ ಇಲ್ಲೇ ನಿಂತಿಯಲ್ಲೋ!"

"ಅದಕ್ಕಽ ಹೇಳಾಕತ್ತೇನಿ, ನಿಧಾನಕ ಹೋಗೂಣು. ಬರಿಗೈಲೆ ಹೋಗಾಕ ಆಗತೈತೇನ? ಮಗಳ ಅಂಗಡಿಗಿ ಏನರ ಒಂದು ಒಯ್ಯೂಣು. ಪ್ಯಾಟಿ ನೋಡ್ಕೋತ ಹೋಗೂಣು ನಡಿ."

ನನ್ನ ಸ್ಕೂಟರು ಬಬಲೇಶ್ವರದ ದಾರಿ ಹಿಡಿಯುವ ಬದಲು ಗೋಳಗುಮ್ಮಟದ ಕಡೆ ಹೊರಳಿತು. ಅಲ್ಲಿ ಟೊಪ್ಪಿಗೆ, ಕಪ್ಪು ಕನ್ನಡಕ, ಆಟಿಕೆ ಸಾಮಾನು ಮಾರುವ ಅಂಗಡಿಗಳು ಆಗಷ್ಟೇ ಬಾಗಿಲು ತೆರೆಯುತ್ತಿದ್ದವು. ಸಂಗಪ್ಪ ಒಂದು ಅಂಗಡಿಯ ಮುಂದೆ, ಹೊಸ್ತಿಲಿಗೆ ಎರಡು ಮಾರು ದೂರದಲ್ಲೇ ನಿಂತು ಕೂಗಿದ: "ಬೋಣಿ ಆಗೇತೇನ್ರಿ?"

"ಇನ್ನಾ ಇಲ್ರಿ ಕಾಕಾ! ಬರ್ರಿ, ಬರ್ರಿ, ನಿಮ್ಮ ಕೈಲೆನ ಆಗಲಿ" ಎಂದು ಅಂಗಡಿಯವನು ಓಡಿಬಂದ. ಸಂಗಪ್ಪ ಕೆಂಡ ತುಳಿದವನ ಹಾಗೆ ಹಿಂದೆ ಸರಿದ. ಹಿಂದೆ ನಿಂತಿದ್ದ ಟಾಂಗಾದ ಕುದುರೆ ಬೆದರಿ ಒಂದು ಹೆಜ್ಜೆ ಸರಿಯಿತು. "ನಾ ಅಲ್ಲ, ಇವ್ರು, ಇವ್ರು ತಗೋತಾರ" ಎಂದು ನನ್ನ ಬೆನ್ನಿಗೆ ಕೈಹಚ್ಚಿ ಒಳಗೆ ದೂಡಿದ. ನನ್ನ ಸ್ವಭಾವ ನಿಮಗೆ ಛತ್ರಿಯಿಂದ ಗೊತ್ತಾಗಿದೆ. ನಾನು ಹೊರಗೆ ಬಂದಾಗ ನನ್ನ ಕೈಯಲ್ಲಿ ಪ್ಲಾಸ್ಟರಿನ ಒಂದು ಗೋಳಗುಮ್ಮಟವಿತ್ತು. ದಿನಾ ಮುಂಜಾನೆ ಮಾಳಿಗೆಯ ಮೇಲೆ ನಿಂತು ಹಲ್ಲುಜ್ಜುತ್ತ ನೋಡುವ ಗುಮ್ಮಟವನ್ನು ರೊಕ್ಕ ಕೊಟ್ಟು ಕೊಂಡ ವಿಜಯಪುರದವನು ನಾನೊಬ್ಬನೇ ಇರಬೇಕು. ನನ್ನ ಹೆಂಡತಿ ಈಗ ಅದನ್ನು ಇಡ್ಲಿ ಹಿಟ್ಟಿನ ಪಾತ್ರೆಯ ಮುಚ್ಚಳದ ಮೇಲೆ ಭಾರಕ್ಕೆ ಇಡುತ್ತಾಳೆ.

ನನ್ನ ಕೈಯಿಂದ ಬೋಣಿ ಆದದ್ದೇ ತಡ, ಸಂಗಪ್ಪ ಹುಲಿಯಾದ. ಅದೇ ಅಂಗಡಿಗೆ ಎದೆ ಸೆಟೆದು ನುಗ್ಗಿ, ಗೋಡೆ ಗಡಿಯಾರಗಳನ್ನೆಲ್ಲ ಇಳಿಸಿ, ಒಂದೊಂದನ್ನೂ ಕಿವಿಗೆ ಹಿಡಿದು, ಮುಳ್ಳು ತಿರುವಿ, ಬೆಲೆಯನ್ನು ಅರ್ಧಕ್ಕೆ ತಂದು, ಕೊನೆಗೆ ಏನೂ ಕೊಳ್ಳದೆ ಹೊರಗೆ ಬಂದ. ಮುಂದಿನ ನಾಲ್ಕಾರು ಅಂಗಡಿಗಳಲ್ಲೂ ಇದೇ ಆಟ. ದೂರ ನಿಂತು "ಬೋಣಿ ಆಗೇತೇನ್ರಿ?" ಆಗಿಲ್ಲ ಎಂದರೆ ಯಾರಾದರೂ ಏನಾದರೂ ಕೊಳ್ಳುವವರೆಗೆ ಕಂಬದ ನೆರಳಲ್ಲಿ ನಿಲ್ಲುವುದು. ಆಗಿದೆ ಎಂದರೆ ಒಳಗೆ ಹೋಗಿ ಅಂಗಡಿ ಬುಡಮೇಲು ಮಾಡುವುದು. ಅಂಗಡಿಯವರಲ್ಲಿ ಒಬ್ಬ ಇವನನ್ನು ಯಾವುದೋ ಇಲಾಖೆಯ ಸಾಹೇಬನೆಂದು ತಿಳಿದು ಕುರ್ಚಿ ಹಾಕಿ ಕೂಡಿಸಿದ.

ಹೊತ್ತು ಏರಿತು. ಇನ್ನಾದರೂ ಹೋಗೋಣವೆಂದರೆ, "ಟಿಕೋಟಾ ಮ್ಯಾಲೆ ಹಾದು ಹೋಗೂಣು" ಎಂದ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ! ಬಬಲೇಶ್ವರಕ್ಕೆ ನೆಟ್ಟಗೆ ರಸ್ತೆಯಿದೆ, ಅದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನಾನು ಬೈಯಬೇಕೆಂದು ಬಾಯಿ ತೆರೆದವನು, ಅವನ ಮುಖ ನೋಡಿ ಸುಮ್ಮನೆ ಗಾಡಿ ಹೊರಳಿಸಿದೆ. ಹೊತ್ತು ಕಳೆಯಲು ಹೊರಟಿದ್ದಾನೆ ಎಂದು ನನಗೆ ಅಷ್ಟರಲ್ಲಿ ತಿಳಿದಿತ್ತು. ಮಗಳ ಅಂಗಡಿ ತೆರೆದ ದಿನ ತಂದೆ ಹೀಗೆ ಕಳ್ಳನ ಹಾಗೆ ಊರೂರು ತಿರುಗಬೇಕಾಯಿತಲ್ಲ ಎಂದು ಕೆಡುಕೆನಿಸಿತು.

ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿ ಮಾಡುವ ಶೆಡ್ಡುಗಳು. ಅಲ್ಲಲ್ಲಿ ನಿಂತವರು ಇವನನ್ನು ಗುರುತು ಹಿಡಿದು "ಕಂಡಕ್ಟರ್ ಸಾಹೇಬ್ರ, ಎತ್ತಾಗ ಹೊಂಟೀರಿ?" ಎಂದು ಕೂಗುತ್ತಿದ್ದರು. ಇವನು ಕೈಯೆತ್ತಿ "ಜಾಗಾ ಇಲ್ಲ, ಹಿಂದಿನ ಬಸ್ಸಿಗಿ ಬರ್ರಿ!" ಎನ್ನುತ್ತಿದ್ದ. ಒಂದು ಹಳೇ ಸ್ಕೂಟರಿನ ಹಿಂದಿನ ಸೀಟಿನಲ್ಲೂ ಅವನಿಗೆ ಬಸ್ಸು ಸಿಕ್ಕಿತ್ತು.

ಟಿಕೋಟಾ ನನಗೆ ಇಷ್ಟದ ಊರು. ಅಲ್ಲಿಯ ಪೇಟೆಯಲ್ಲಿ ಬೋರ್ಡು ಓದುತ್ತ ಹೋಗುವುದೇ ನನಗೊಂದು ಊಟ. "ಇಲ್ಲಿ ಮಿಕ್ಚರ್ ರಿಪೇರಿ ಮಾಡಲಾಗುವ್ವುದು" ಎಂಬ ಬೋರ್ಡಿನ ಕೆಳಗೆ ನಾನು ತುಂಬ ಹೊತ್ತು ನಿಂತೆ. ಮೆತ್ತಗಾದ ಮಿಕ್ಚರನ್ನು ಗರಿಗರಿ ಮಾಡಿಕೊಡುವವನು ಒಳಗೆ ಇದ್ದಾನೇನೋ ಎಂದು ಇಣುಕಿದೆ. ಒಳಗೆ ಮೂರು ಮಿಕ್ಸಿಗಳು ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದವು. ಸಂಗಪ್ಪ ಅಷ್ಟರಲ್ಲಿ ಎದುರಿನ ಹಗ್ಗದ ಅಂಗಡಿಯ ಮುಂದೆ ನಿಂತು ತನ್ನ ಮಂತ್ರ ಹೇಳಿದ್ದ. "ಯಾವಾಗೋ ಆಗೇತಿ ಬರ್ರಿ ಸಾಹೇಬ್ರ" ಎಂದು ಅಂಗಡಿಯ ಮುದುಕ ನಕ್ಕ. ಮಿಣಿ, ಮೂಗುದಾಣ, ಬಾರುಕೋಲು, ಗೆಜ್ಜೆಸರ. ಎತ್ತಿನ ಕೊಂಬಿಗೆ ಕಟ್ಟುವ ಗೊಂಡೆಗಳು ಹಳದಿ, ಗುಲಾಬಿ, ಗಿಳಿಹಸಿರಿನಲ್ಲಿ ತೂಗುತ್ತಿದ್ದವು. ಅಂಥ ಬಣ್ಣಗಳನ್ನು ಪಕ್ಕ ಪಕ್ಕ ಇಡಬೇಡಿರೆಂದು ನಾನು ಮಕ್ಕಳಿಗೆ ಕಲಿಸುತ್ತಿದ್ದೆ. ಅಲ್ಲಿ ನೋಡಿದರೆ ಎಷ್ಟು ಚೆಂದ ಕಾಣುತ್ತಿದ್ದವು! ಸಂಗಪ್ಪ ಒಂದು ಜೊತೆ ಗೊಂಡೆ ಚೌಕಾಸಿ ಮಾಡಿ ಕೊಂಡೇ ಬಿಟ್ಟ.

"ಎತ್ತ ಎಲ್ಲೈತೋ ನಿಂದು?" ಎಂದೆ.

"ಮುಂದ ಕುಂತ ಗಾಡಿ ಹೊಡ್ಯಾಕತ್ತೇತಲ್ಲ!" ಎಂದ. ಗೊಂಡೆ ಸ್ಕೂಟರಿನ ಹ್ಯಾಂಡಲ್ಲಿಗೆ ಬಂದವು.

ಹೋಟೆಲಿನಲ್ಲಿ ಮಿರ್ಚಿ, ಚುರುಮುರಿ ತರಿಸಿದೆವು. ಸಂಗಪ್ಪ ಮಿರ್ಚಿ ಮುರಿದವನು ಬಾಯಿಗೆ ಹಾಕಲಿಲ್ಲ.

"ಮಾಸ್ತರಾ, ಆಕಿ ಬಂಗಾರ ಒತ್ತಿ ಇಟ್ಟಾಳ. ನಮ್ಮವ್ವನ ಗುಂಡಿನ ಸರಾ ಐತಿ ಅದರಾಗ."

"ಗೊತ್ತೈತಿ."

"ನಾ ನಂಬೂದಿಲ್ಲಲೇ ಇದನ್ನೆಲ್ಲಾ. ಸೋಡಾ ಅಂಗಡಿ ಯಾಕ ಮುಚ್ಚ್ತು ಅಂತ ನನಗ ಗೊತ್ತಿಲ್ಲೇನ? ಚಳಿಯೊಳಗ ಸೋಡಾ ಯಾವ ಕುಡೀತಾನ? ಖರೇ ಹೇಳ್ತೀನಿ, ನಾ ನಂಬೂದಿಲ್ಲ." ಮುರಿದ ಮಿರ್ಚಿಯನ್ನು ತಾಟಿಗಿಟ್ಟು, "ಆದ್ರ ಮಗಳದ ಅಂಗಡಿ ನೋಡು. ಅಕಸ್ಮಾತ್ ಅಂದ್ರ? ನಾಳೆ ಏನರ ಆದ್ರ ಆಕಿ ಬಾಯಿ ಬಿಟ್ಟ ಅನ್ನಂಗಿಲ್ಲ. ನಾ ನನ್ನ ಕೈ ನೋಡ್ಕೋತ ಕುಂದ್ರಬೇಕು" ಎಂದ.

ನಂಬದವನ ಅಂಜಿಕೆಗೆ ಔಷಧವಿಲ್ಲ. ನಂಬುವವನಾದರೆ ಒಂದು ತೆಂಗಿನಕಾಯಿ ಒಡೆಸಿ ಸಮಾಧಾನ ಮಾಡಬಹುದಿತ್ತು. ನಾನು ಅವನ ಕಡೆ ನೀರಿನ ಲೋಟ ಸರಿಸಿದೆ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಕಸ್ತೂರಿಯ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು.

"ಎಲ್ಲಿ ಅದೀರಿ?"

"ಗಾಡಿ ಪಂಚರ್ ಆಗೇತಿ ಬೇ" ಎಂದ ಸಂಗಪ್ಪ. ನನ್ನ ಗಾಡಿಗೆ ಅಪವಾದ ಬಂತು. "ಅಲ್ಲಿ ಹೆಂಗ ನಡದೈತಿ? ಗಿರಾಕಿ ಬಂದಾರೇನು?"

"ಬಂದಾರೇನಂತ ಕೇಳ್ತೀರಿ? ಓಣಿ ಮಂದಿ ಎಲ್ಲಾ ಇಲ್ಲೇ ಐತಿ. ಅಂಗಡ್ಯಾಗ ಕಾಲಿಡಾಕ ಜಾಗಾ ಇಲ್ಲ. ನೀವೊಬ್ಬರ ಬರೂದ ಉಳದೈತಿ, ಲಗೂ ಬರ್ರಿ!"

ಸಂಗಪ್ಪ ಫೋನನ್ನು ಮೇಜಿನ ಮೇಲಿಟ್ಟು ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡ. "ಕಾಲಿಡಾಕ ಜಾಗಾ ಇಲ್ಲಂತ! ಅಂದ್ರ ಬೋಣಿ ಆಗಿ ಹೋತು ಮಾಸ್ತರಾ, ಯಾವಾಗೋ ಆಗಿ ಹೋತು!" ಅವನ ಕಣ್ಣಲ್ಲಿ ನೀರಿತ್ತು. ತಣ್ಣಗಾದ ಮಿರ್ಚಿ ತಿಂದ, ನನ್ನ ಪಾಲಿನದನ್ನೂ ತಿಂದ, ಇನ್ನೊಂದು ತಾಟು ತರಿಸಿದ. ಪಕ್ಕದ ಅಂಗಡಿಯಲ್ಲಿ ಪೇಢೆ ಕಟ್ಟಿಸಿಕೊಂಡ, ಅಲ್ಲಿ ಬೋಣಿಯ ವಿಚಾರ ಕೇಳಲೂ ಇಲ್ಲ. ಸ್ಕೂಟರಿನ ಹಿಂದೆ ಕುಳಿತು ನನ್ನ ಬೆನ್ನಿಗೆ ಎರಡು ಸಲ ಬಡಿದು "ರೈಟ್, ರೈಟ್!" ಎಂದ. ಗೊಂಡೆ ಹಾರಿಸುತ್ತ ನಾವು ಬಬಲೇಶ್ವರದ ದಾರಿ ಹಿಡಿದೆವು. ದಾರಿಯಲ್ಲಿ ಅವನು ಮಾತಾಡಿದ್ದೇ ಮಾತಾಡಿದ್ದು. ದೀಪಾವಳಿಗೆ ಅಂಗಡಿ ಸಾಲದಾಗುತ್ತದೆ, ಪಕ್ಕದ ಖೋಲಿಯನ್ನೂ ಹಿಡಿಯಬೇಕು, ಆಗ ಬೋರ್ಡು ದೊಡ್ಡದು ಬರೆಯಬೇಕಾಗುತ್ತದೆ, ಶೈ ಮಾತ್ರ ಈ ಸಲ ನೆಟ್ಟಗಿರಲಿ, ಹೀಗೆ.

ನಾವು ಮುಟ್ಟಿದಾಗ ಮಧ್ಯಾಹ್ನ ಹೊರಳಿತ್ತು. ಬಬಲೇಶ್ವರದ ಪೇಟೆಯಲ್ಲಿ ನನ್ನ ಬೋರ್ಡು ದೂರದಿಂದಲೇ ಕಂಡಿತು. ಬಾಗಿಲಿಗೆ ಮಾವಿನೆಲೆ, ಚೆಂಡುಹೂವಿನ ಸರ. ಒಳಗೆ ಕುಬಸದ ಬಟ್ಟೆಗಳು ಬಣ್ಣದ ಪ್ರಕಾರ ಸಾಲಾಗಿ ಕುಳಿತಿದ್ದವು, ಅದನ್ನು ನೋಡಿ ನನ್ನ ಮಾಸ್ತರಿಕೆಗೆ ಖುಷಿಯಾಯಿತು. ಕಸ್ತೂರಿ ಹೇಳಿದ್ದು ಸುಳ್ಳಲ್ಲ. ಅಂಗಡಿಯ ಒಳಗೆ, ಕಟ್ಟೆಯ ಮೇಲೆ, ಮೆಟ್ಟಿಲ ಮೇಲೆ ಹೆಣ್ಣುಮಕ್ಕಳು ಕುಳಿತಿದ್ದರು. ಆದರೆ ಏನೋ ಸರಿಯಿರಲಿಲ್ಲ. ಯಾರ ಕೈಯಲ್ಲೂ ಒಂದು ಪೊಟ್ಟಣವಿರಲಿಲ್ಲ. ಎಲ್ಲರೂ ಬಸ್ಸು ಕಾಯುವವರ ಹಾಗೆ ರಸ್ತೆಯ ಕಡೆ ನೋಡುತ್ತಿದ್ದರು.

ಸಂಗಪ್ಪನಿಗೆ ದಿನವಿಡೀ ಬಾಯಿಗೆ ಹತ್ತಿದ್ದ ಮಾತು ತಾನೇ ಬಂತು. ನಗುತ್ತ ಮೆಟ್ಟಿಲ ಹತ್ತಿರ ಹೋಗಿ, "ಬೋಣಿ ಆಗೇತೇನ್ರಿ?" ಎಂದ.

"ಎಲ್ಲೀ ಬೋಣಿ?" ಎಂದಳು ಕಸ್ತೂರಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ. "ನಿಮ್ಮ ಮಗಳು ಮುಂಜಾನಿಂದ ಎಲ್ಲಾರ್ನೂ ಕುಂದ್ರಿಸ್ಯಾಳ. ಚಾದ ಮ್ಯಾಲೆ ಚಾ. ಅಪ್ಪ ಬರ್ಲಿ, ಅಪ್ಪನ ಕೈಲೆ ಬೋಣಿ ಆಗೂತನಾ ಒಂದ ಹುಕ್ಕೂ ಕೊಡೂದಿಲ್ಲ ಅಂತ ಕುಂತಾಳ ನೋಡ್ರಿ."

ಸಂಗಪ್ಪ ಮೆಟ್ಟಿಲ ಮೇಲಿಟ್ಟ ಕಾಲನ್ನು ತೆಗೆದ. ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದ ಒಬ್ಬ ಅಜ್ಜಿ, "ಬಂದೇನಪಾ ಧಣಿ? ನನ್ನ ಎಮ್ಮಿ ಹಿಂಡೂ ಹೊತ್ತಾತು. ಎರಡ ಫಾಲ್ ಸಲುವಾಗಿ ಬಂದಾಕಿ ಇಲ್ಲೇ ಬೇರು ಬಿಟ್ಟೇನಿ" ಎಂದಳು. ಎಲ್ಲರೂ ನಕ್ಕರು. ಸಂಗಪ್ಪ ನಗಲಿಲ್ಲ. ನನ್ನ ತೋಳು ಹಿಡಿದು, "ಶೈಲಾ, ನಮ್ಮ ಮಾಸ್ತರಗ ಏನೋ ಬೇಕಾಗೇತಂತ, ಪಾಪ, ಅವಂದ ಮೊದಲ ನೋಡವಾ" ಎಂದ. ಹೇಳಿದ್ದಲ್ಲದೆ ನನ್ನನ್ನು ಮುಂದಕ್ಕೆ ದೂಡಿಯೂ ಬಿಟ್ಟ. ನಾನು ಕಿಸೆಗೆ ಕೈ ಹಾಕಿ, "ನನಗ... ಒಂದ ಡಜನ್ ಹುಕ್ಕ ಬೇಕಾಗಿದ್ವು" ಎಂದೆ. ಕುಬಸದ ಹುಕ್ಕಿಗೂ ನನಗೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ, ಅದೊಂದು ಪುಣ್ಯ.

"ಕಾಕಾ, ನಿಮ್ದ ಎರಡನೇದು" ಎಂದಳು ಶೈಲಾ. ಆಕೆಯ ಕಣ್ಣು ತಂದೆಯ ಮೇಲಿತ್ತು. "ಬಾಪ್ಪಾ, ಮ್ಯಾಲ ಬಾ."

ಸಂಗಪ್ಪ ಮೆಟ್ಟಿಲ ಕೆಳಗೆ ನಿಂತೇ, ಬೇರೆಯವರಿಗೆ ಕೇಳಿಸಬಾರದೆಂದು ತಗ್ಗಿದ ದನಿಯಲ್ಲಿ, "ಬ್ಯಾಡವಾ. ನನ್ನ ಕೈಗುಣ ಎಂಥಾದ್ದು ಅಂತ ನಿನಗ ಗೊತ್ತೈತಲ್ಲ. ಊರ ಮಂದಿಗೆಲ್ಲಾ ಗೊತ್ತೈತಿ" ಎಂದ. ಅಂಗಡಿ ಚಿಕ್ಕದು. ಎಲ್ಲರಿಗೂ ಕೇಳಿಸಿತು. ಕಸ್ತೂರಿ ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿದಳು.

"ಗೊತ್ತೈತಿ" ಎಂದಳು ಶೈಲಾ. "ನೀ ಕಟ್ಟಿಮ್ಯಾಲೆ ಕುಂತ ಹೇಳಿದ್ದು ಎಲ್ಲಾ ನಾ ಒಳಗ ಕುಂತ ಕೇಳೇನಿ. ಅದಕ್ಕಽ ನಿನ್ನ ಕಾಯಾಕತ್ತೇನಿ. ಅಪ್ಪಾ, ನಾ ಹುಟ್ಟಿದಾಗ ಮೊದಲ ನನ್ನ ಯಾರ ಎತ್ತಿಕೊಂಡ್ರು?"

ಕಸ್ತೂರಿ ಒಳಗಿನಿಂದ, "ಅವರಽ. ಡ್ಯೂಟಿ ಮ್ಯಾಲಿಂದ ಖಾಕಿ ಅಂಗಿಯೊಳಗನ ದವಾಖಾನಿಗಿ ಓಡಿ ಬಂದಿದ್ರು. ನರ್ಸಬಾಯಿ ತಂದು ಅವರ ಕೈಯಾಗ ಕೊಟ್ಟಳು" ಎಂದಳು.

"ಹಂಗಾದ್ರ ನನ್ನ ಬೋಣಿ ನಿನ್ನ ಕೈಲೆ ಆಗೇತಿ" ಎಂದಳು ಶೈಲಾ. "ಆ ಅಂಗಡಿಗಳಂಗ ನಾ ಏನ ಬಾಗಲಾ ಹಾಕೇನೇನಪ್ಪಾ?"

ನಾನು ಕೈಯಲ್ಲಿದ್ದ ನೋಟನ್ನು ಏನು ಮಾಡಬೇಕೋ ತಿಳಿಯದೆ ಮಡಿಸುತ್ತ ನಿಂತೆ. ಸಂಗಪ್ಪ ಇಸ್ತ್ರಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಒರೆಸಿಕೊಂಡಷ್ಟೂ ಮುಖ ಒದ್ದೆಯಾಗುತ್ತಿತ್ತು. ಆಮೇಲೆ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದ.

"ಒಂದ ಕುಬಸದ ಖಣಾ ಕೊಡವಾ" ಎಂದ. "ನಿಮ್ಮವ್ವಗ."

"ಯಾವ ಬಣ್ಣದ್ದಪಾ? ಅವ್ವನ ಯಾವ ಸೀರಿಗಿ?"

ಸಂಗಪ್ಪ ಕಸ್ತೂರಿಯ ಕಡೆ ನೋಡಿದ. ಇಷ್ಟು ವರ್ಷ ಬಾಳುವೆ ಮಾಡಿದವನಿಗೆ ಹೆಂಡತಿಯ ಒಂದು ಸೀರೆಯ ಬಣ್ಣವೂ ನೆನಪಿರಲಿಲ್ಲ. ಕುಳಿತ ಹೆಣ್ಣುಮಕ್ಕಳೆಲ್ಲ ಒಮ್ಮೆಲೇ ಎದ್ದರು. ಒಬ್ಬಳು ಹಸಿರು ಅಂದಳು, ಒಬ್ಬಳು ಕುಂಕುಮ ಬಣ್ಣ ಅಂದಳು, ಇನ್ನೊಬ್ಬಳು ನವಿಲಿನ ಬಣ್ಣದ ಥಾನನ್ನು ಎಳೆದು ಕಸ್ತೂರಿಯ ಹೆಗಲಿಗೇ ಹಚ್ಚಿ ನೋಡಿದಳು. ಕಸ್ತೂರಿ ನಾಚಿಕೊಂಡು ಬೈದಳು. ಕೊನೆಗೆ ನವಿಲಿನ ಬಣ್ಣವೇ ಗೆದ್ದಿತು. ಸಂಗಪ್ಪ ಕೊಟ್ಟ ನೋಟನ್ನು ಶೈಲಾ ಕಣ್ಣಿಗೆ ಒತ್ತಿಕೊಂಡಳು, ಕತ್ತರಿಗೆ ಮುಟ್ಟಿಸಿದಳು, ಬಟ್ಟೆ ಅಳೆಯುವ ಗಜಕ್ಕೆ ಮುಟ್ಟಿಸಿದಳು, ಬಗ್ಗಿ ತಂದೆಯ ಕಾಲಿಗೂ ಮುಟ್ಟಿಸಿ ಗಲ್ಲಾಕ್ಕೆ ಹಾಕಿದಳು. ಆಮೇಲೆ ಅಂಗಡಿಯಲ್ಲಿ ಎದ್ದ ಗದ್ದಲ ಕೇಳಬೇಡಿ. ನನ್ನ ಹುಕ್ಕಿನ ಸರದಿ ಎರಡನೆಯದು ಅಂದದ್ದು ಎಲ್ಲರಿಗೂ ಮರೆತುಹೋಯಿತು.

ಸಂಗಪ್ಪ ಮೂಲೆಯ ಸ್ಟೂಲಿನ ಮೇಲೆ ಸುಸ್ತಾಗಿ ಕುಳಿತಿದ್ದ. ಎಮ್ಮೆಯ ಅಜ್ಜಿ ಎರಡು ಫಾಲು ಕಂಕುಳಿಗೆ ಸಿಕ್ಕಿಸಿಕೊಂಡು, ಮಂದಿಯ ನಡುವೆ ದಾರಿ ಮಾಡಿಕೊಂಡು ಅವನ ಮುಂದೆ ಬಂದು ನಿಂತಳು. ಅವನ ಬಲಗೈಯನ್ನು ಎತ್ತಿ, ಹಿಂದೆ ಮುಂದೆ ಹೊರಳಿಸಿ ನೋಡಿದಳು.

"ಯಪ್ಪಾ, ಬರೂ ಸೋಮವಾರ ನನ್ನ ಮೊಮ್ಮಗ ಕಿರಾಣಿ ಅಂಗಡಿ ತಗಿಯಾಕತ್ತಾನ. ನೀ ಬಂದು ಬೋಣಿ ಮಾಡಬೇಕ ನೋಡು."

"ನಾನಾ? ಯಾಕವಾ ಯಜ್ಜೀ?" ಎಂದು ಸಂಗಪ್ಪ ಗಾಬರಿಯಾದ.

"ಯಾಕಂದ್ರ? ಇಷ್ಟ ಮಂದಿ ಗಿರಾಕೀನ ಅರ್ಧಾ ದಿನಾ ಉಪಾಸ ಕೆಡವಿ ಕಾಯಿಸ್ಯಾಳ ನಿನ್ನ ಮಗಳು. ಸುಮ್ನ ಕಾಯಿಸ್ತಾಳೇನ? ಈ ಕೈ ಎಂಥಾ ಕೈ ಇರಬೇಕಂತೀನಿ!"

ಸಂಗಪ್ಪ ನನ್ನ ಕಡೆ ನೋಡಿದ. ಕಟ್ಟೆಯ ಮೇಲಿನ ಕಥೆಗಳೆಲ್ಲ ಅವನ ತುಟಿಯ ತನಕ ಬಂದದ್ದು ನನಗೆ ಕಂಡಿತು. ಒಂದನ್ನೂ ಹೇಳಲಿಲ್ಲ. ಅಜ್ಜಿಯ ಕೈಯಲ್ಲಿದ್ದ ತನ್ನ ಕೈಯನ್ನು ಬಿಡಿಸಿಕೊಳ್ಳಲೂ ಇಲ್ಲ.

"ಎಷ್ಟೊತ್ತಿಗಿ ಬರ್ಲಿ ಯವ್ವಾ?" ಎಂದ.